ಪರದೆಯ ಬೆನ್ನಿಗೆ ಕಂಪ್ಯೂಟರ್ ಅಂಟಿಸಿದವರಿಗೊಂದು ಬಹಿರಂಗ ಪತ್ರ

ಆಲ್-ಇನ್-ಒನ್ ಎಂಬ ಯಂತ್ರವನ್ನು ರೂಪಿಸಿದ ಮಹನೀಯರಿಗೆ ಅಂಕೋಲೆಯ ನಿವೃತ್ತ ಮಾಸ್ತರನೊಬ್ಬನ ನಮಸ್ಕಾರಗಳು.

ಮೊದಲು ನಿಮ್ಮ ಉಪಕಾರ ಸ್ಮರಣೆ. 2015ರಲ್ಲಿ ನಿಮ್ಮ ಯಂತ್ರ ಮನೆಗೆ ಬಂದಾಗ ಮೇಜಿನ ಕೆಳಗೆ ಡಬ್ಬಿಯಿಲ್ಲ, ವೈರುಗಳ ಗೋಜಲಿಲ್ಲ. ನೆಂಟರು ‘ಟಿವಿ ಯಾಕೆ ಮೇಜಿನ ಮೇಲಿಟ್ಟಿದ್ದೀರಿ’ ಎಂದು ಕೇಳಿದಾಗಲೆಲ್ಲ ನನ್ನಾಕೆಗೆ ಹೆಮ್ಮೆ. ಆ ಪರದೆ ಇವತ್ತಿಗೂ ಹಾಗೇ ಇದೆ. ಒಂದು ಚುಕ್ಕಿ ಸತ್ತಿಲ್ಲ, ಬಣ್ಣ ಮಾಸಿಲ್ಲ. ಮುದಿಯಾದದ್ದು ಅದರ ಬೆನ್ನ ಹಿಂದಿನದು ಮಾತ್ರ. ಗುಂಡಿ ಒತ್ತಿ ಚಹಾ ಕುಡಿದು ಬಂದರೂ ಅದಿನ್ನೂ ಏಳುತ್ತಲೇ ಇರುತ್ತದೆ.

ತಪ್ಪೆಲ್ಲ ನಿಮ್ಮದೇ ಎಂದರೆ ಪಾಪ ಬಂದೀತು. ನಮ್ಮ ಗಾಳಿಯಲ್ಲೇ ಉಪ್ಪಿದೆ. 1930ರಲ್ಲಿ ಅಂಕೋಲೆಯ ಜನ ಉಪ್ಪು ಮಾಡಿ ಬ್ರಿಟಿಷರ ಕಾಯಿದೆ ಮುರಿದರು. ಈಗ ಅದೇ ಉಪ್ಪು ನಿಮ್ಮ ಮದರ್‌ಬೋರ್ಡಿನ ಮೇಲೆ ಸತ್ಯಾಗ್ರಹಕ್ಕೆ ಕೂತಿದೆ. ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿದು. ಫ್ಯಾನು ಆ ತೇವವನ್ನೇ ಒಳಗೆಳೆದುಕೊಳ್ಳುತ್ತದೆ, ಧೂಳು ಅಂಟಾಗಿ ಕೂರುತ್ತದೆ, ತಾಮ್ರ ಹಸಿರಾಗುತ್ತದೆ. ಡಬ್ಬಿ ಕಂಪ್ಯೂಟರಿಗೂ ಇದು ತಪ್ಪಿದ್ದಲ್ಲ, ಆದರೆ ಅದರ ಪಕ್ಕದ ತಗಡು ತೆಗೆದು ಬ್ರಶ್ ಆಡಿಸಬಹುದು. ನಿಮ್ಮದನ್ನು ಕಾರವಾರಕ್ಕೆ ಹೊತ್ತೊಯ್ದಾಗ ರಿಪೇರಿ ಹುಡುಗ ಪ್ಲಾಸ್ಟಿಕ್ ಪಟ್ಟಿ ಹಿಡಿದು ಅಂಚು ತಡವುತ್ತ, ‘ಮಾಸ್ತರ್ರೇ, ಬಿಚ್ಚೋದು ಬಿಚ್ತೇನೆ. ಗ್ಲಾಸು ಚಟ್ ಅಂದ್ರೆ ನನ್ನ ಕೇಳ್ಬೇಡಿ’ ಎಂದ. ಬಿಚ್ಚಿದರೆ ಒಳಗೆ ಲ್ಯಾಪ್‌ಟಾಪಿನ ಸಾಮಾನು: ಗಿಡ್ಡ ರ‍್ಯಾಮು, ಅಂಗೈಯಗಲದ ಹಾರ್ಡ್‌ಡಿಸ್ಕು. ಜಾಗ ಬಿಟ್ಟು ಕದಲದ ಯಂತ್ರಕ್ಕೆ ಚೀಲದಲ್ಲಿ ತಿರುಗಾಡುವ ಯಂತ್ರದ ಕರುಳು ಹಾಕಿದ ನಿಮ್ಮ ಜಾಣ್ಮೆಗೆ ಶರಣು.

‘ಎಸ್‌ಎಸ್‌ಡಿ ಹಾಕಿದ್ರೆ ಓಡ್ತದೆ’ ಎಂದ ಹುಡುಗ. ಅವನ ಮಾತು ಸುಳ್ಳಲ್ಲ. ಆದರೆ ಓಡಿ ಎಲ್ಲಿಗೆ ಹೋಗುವುದು? ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೇ ಬೆಂಬಲ ನಿಂತಿತು. ನೋಂದಾಯಿಸಿಕೊಂಡ ಮನೆಬಳಕೆಯವರಿಗೆ ಸುರಕ್ಷತೆಯ ತೇಪೆ 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಚಿಪ್ಪು ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನದಾದರೂ ಆಗಬೇಕು. ನನ್ನದು ನಾಲ್ಕನೆಯದು. ಬೆಂಗಳೂರಿನ ಮಗ ‘ಅಪ್ಪಾ, ಲಿನಕ್ಸ್ ಹಾಕ್ಕೊಳ್ಳಿ, ಪುಕ್ಕಟೆ’ ಎನ್ನುತ್ತಾನೆ. ಆದರೆ ನಮ್ಮ ಸಂಘದ ಸ್ಮರಣ ಸಂಚಿಕೆಗಳೆಲ್ಲ ವಿಂಡೋಸನ್ನೇ ನಂಬಿದ ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಕೂತಿವೆ. ಒಂದೊಂದನ್ನೂ ಯುನಿಕೋಡಿಗೆ ತಿರುಗಿಸಿ ಒತ್ತಕ್ಷರ ತಿದ್ದುವ ಕೂಲಿ ಅವನ ಪುಕ್ಕಟೆಯಲ್ಲಿ ಸೇರಿಲ್ಲ.

ಹೋಗಲಿ, ಪರದೆಯನ್ನಾದರೂ ಉಳಿಸೋಣವೆಂದು ಮೊಮ್ಮಗ ತನ್ನ ಲ್ಯಾಪ್‌ಟಾಪಿನ ವೈರನ್ನು ಹಿಂದಿನ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸಿದ. ಏನೂ ಮೂಡಲಿಲ್ಲ. ಆ ಕಿಂಡಿ ಚಿತ್ರ ಹೊರಗೆ ಕಳಿಸುವುದಕ್ಕಂತೆ, ಒಳಗೆ ಬಿಡುವುದಕ್ಕಲ್ಲ! ಹೊರಗಿನ ಚಿತ್ರ ಒಳಗೆ ಬಿಡುವುದು ದೊಡ್ಡ ಬ್ರಹ್ಮವಿದ್ಯೆಯೇನಲ್ಲ. 2009ರ 27 ಇಂಚಿನ ಐಮ್ಯಾಕಿಗೆ ಆ ದಾರಿ ಇತ್ತು. 2014ರಲ್ಲಿ ಬಂದ 5ಕೆ ಪರದೆಯ ಐಮ್ಯಾಕಿನಲ್ಲಿ ಅದೂ ಹೋಯಿತು. ಕೆಲವು ಕಂಪನಿಗಳ ಕೆಲವು ಮಾದರಿಗಳಲ್ಲಿ ಈಗಲೂ ಉಂಟು. ನನ್ನದಕ್ಕೆ ಯಾಕಿಲ್ಲವೋ, ನೀವೇ ಬಲ್ಲಿರಿ. ಬೇಲೆಕೇರಿಯಲ್ಲಿ ನಾಡದೋಣಿಯ ಎಂಜಿನ್ ಕೆಟ್ಟರೆ ಎಂಜಿನ್ ಬಿಚ್ಚಿ ಹೆಗಲ ಮೇಲೆ ಹೊತ್ತು ರಿಪೇರಿಗೆ ಒಯ್ಯುತ್ತಾರೆ. ದೋಣಿಯನ್ನು ಗುಜರಿಗೆ ಹಾಕಿದವರನ್ನು ನಾನು ಕಂಡಿಲ್ಲ. ಅವರಾರೂ ಎಂಜಿನಿಯರಿಂಗ್ ಓದಿದವರಲ್ಲ, ಅದಕ್ಕೇ ಇರಬೇಕು.

ಅಂಗಡಿಯವರು ನಿಮ್ಮದೇ ಹೊಸ ಮಾದರಿ ತೋರಿಸಿದರು. ಇನ್ನೂ ತೆಳು, ಇನ್ನೂ ಚಂದ. ರ‍್ಯಾಮು ಹೆಚ್ಚಿಸಲು ಬರುತ್ತದೆಯೇ ಎಂದು ಕೇಳಿದ್ದಕ್ಕೆ ಅವರು ಎಕ್ಸ್‌ಚೇಂಜ್ ಆಫರಿನ ಮಾತೆತ್ತಿದರು. ಕೈಮುಗಿದು ಎದ್ದು ಬಂದೆ.

ಈಗ ನಿಶ್ಚಯಿಸಿದ್ದು ಇಷ್ಟು: ಪುಸ್ತಕದಷ್ಟು ದಪ್ಪದ ಮಿನಿ ಪಿಸಿ ಒಂದು, ಬೇರೆಯದೇ ಮಾನಿಟರ್ ಒಂದು, ಕರೆಂಟು ಹೋದರೆ ಕಡತ ಉಳಿಯಲು ಯುಪಿಎಸ್. ಮಿನಿ ಪಿಸಿಯ ಜೊತೆ ಬರುವ ತಗಡಿನ ಪಟ್ಟಿಯನ್ನು ನಾಲ್ಕು ಸ್ಕ್ರೂ ಹಾಕಿ ಮಾನಿಟರಿನ ಬೆನ್ನಿಗೇ ಕೂರಿಸಬಹುದಂತೆ. ಮಾನಿಟರ್ ಯಾವ ಕಂಪನಿಯದಾದರೂ ಆ ತೂತುಗಳ ಅಂತರ ಸಾಮಾನ್ಯವಾಗಿ 100 ಮಿಲಿಮೀಟರ್, ಇಲ್ಲವೇ 75. ಹಾಗೆ ಕೂರಿಸಿದರೆ ನೋಡಿದವರಿಗೆ ಅಚ್ಚ ನಿಮ್ಮದೇ ಆಲ್-ಇನ್-ಒನ್. ಆಗಲೂ ನೆಂಟರು ಟಿವಿ ಎಂದೇ ತಿಳಿಯುತ್ತಾರೆ.

ಮಾನಿಟರನ್ನು ಮಾತ್ರ ಇನ್ನೂ ಕೊಂಡಿಲ್ಲ. ರಿಪೇರಿ ಹುಡುಗ ನಿಮ್ಮ ಪರದೆಯ ಹಿಂದಿನ ಚೀಟಿಯಲ್ಲಿದ್ದ ಪ್ಯಾನೆಲ್ ನಂಬರನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡಿದ್ದಾನೆ. ಅದಕ್ಕೆ ಹೊಂದುವ ಬೋರ್ಡು ಸಿಕ್ಕರೆ ಆ ಪರದೆಯೇ ಮಾನಿಟರ್ ಆಗುತ್ತದಂತೆ. ಹಾಗಾದರೆ ನಿಮಗೆ ಕೊಟ್ಟ ದುಡ್ಡಿನಲ್ಲಿ ಅರ್ಧ ಗಿಟ್ಟಿತು. ಉಳಿದರ್ಧ ಒಂದು ಖೋಕಾದಲ್ಲಿ ಸಿದ್ಧವಿದೆ. 2022ರ ಇ-ತ್ಯಾಜ್ಯ ನಿಯಮಗಳು ಅದರ ಹೊಣೆಯನ್ನು ತಯಾರಕರ ಮೇಲೇ ಹೊರಿಸುತ್ತವೆ. ಖೋಕಾ ಯಾವ ವಿಳಾಸಕ್ಕೆ ಕಳಿಸಲಿ, ಪಾರ್ಸೆಲ್ ಖರ್ಚು ಯಾರದು, ದಯವಿಟ್ಟು ತಿಳಿಸಿ.

ಇತಿ ತಮ್ಮ ವಿಧೇಯ ಗಿರಾಕಿ