ಮಸೂರ ಮೀಮಾಂಸೆ ಅರ್ಥಾತ್ ಚನ್ನಂಗಿ ಬೇಳೆಯ ಭಾಷ್ಯ

ಮೊದಲು ಪದವಿಚಾರ. ಲ್ಯಾಟಿನ್ ಭಾಷೆಯಲ್ಲಿ ಲೆನ್ಸ್ ಎಂದರೆ ಒಂದು ಜಾತಿಯ ಬೇಳೆ. ಎರಡೂ ಮಗ್ಗುಲು ಉಬ್ಬಿದ ಗಾಜಿನ ಬಿಲ್ಲೆ ಆ ಕಾಳಿನಂತೆಯೇ ಕಂಡದ್ದರಿಂದ ಅದಕ್ಕೂ ಆ ಹೆಸರೇ ಅಂಟಿತು. ನಮ್ಮ ಪಾಠಪುಸ್ತಕದ ಪಂಡಿತರೇನು ಕಡಿಮೆಯೇ? ಅದೇ ಬೇಳೆಯ ಸಂಸ್ಕೃತದ ಹೆಸರನ್ನು ತಂದು 'ಮಸೂರ' ಎಂದರು. ನಮ್ಮನೆ ಅಡುಗೆಮನೆಯಲ್ಲಿ ಆ ಬೇಳೆಯ ಡಬ್ಬಿಗೆ 'ಚನ್ನಂಗಿ' ಎಂಬ ಚೀಟಿ ಇದೆ. ಆದ್ದರಿಂದ "ಹೊಸದೊಂದು ಝೂಮ್ ಲೆನ್ಸ್ ತಗೋಬೇಕು" ಎಂದು ನಾನು ಮನೆಯಲ್ಲಿ ಪ್ರಸ್ತಾಪ ಮಾಡಿದ್ದು ಶಬ್ದಶಾಸ್ತ್ರದ ಪ್ರಕಾರ ದಿನಸಿಯ ಮಾತೇ ಹೊರತು ದುಂದುವೆಚ್ಚದ್ದಲ್ಲ. ಈ ವಾದವನ್ನು ಮನೆಯಾಕೆಯ ಮುಂದೆ ಸವಿಸ್ತಾರವಾಗಿ ಮಂಡಿಸಿದೆ. "ಹಾಗಾದ್ರೆ ಕಾಲು ಕೆ.ಜಿ. ಸಾಕು" ಎಂದಳು, ಹೆಚ್ಚುತ್ತಿದ್ದ ಹುರುಳಿಕಾಯಿಯಿಂದ ತಲೆ ಎತ್ತದೆ. ಅದನ್ನು ನಾನು ತಮಾಷೆ ಎಂದುಕೊಂಡೆ.

ಈಗ ಅಧಿಕಾರಿ ನಿರೂಪಣೆ. ಈ ಶಾಸ್ತ್ರವನ್ನು ಓದಲು ಯೋಗ್ಯನಾರು? ಕ್ಯಾಮೆರಾದ ಪೆಟ್ಟಿಗೆಯಲ್ಲಿ ತಾನಾಗಿ ಬಂದ 18-55 ಮಿ.ಮೀ. ಕಿಟ್ ಲೆನ್ಸನ್ನು ಎರಡು ವರ್ಷ ತಿರುಗಿಸಿ, ಒಂದಾದರೂ ಬೆಟ್ಟ ಹತ್ತಿ, ಇಳಿದ ಮೇಲೆ ಫೋಟೊ ನೋಡಿ ನಿಟ್ಟುಸಿರು ಬಿಟ್ಟವನು. ಅವನನ್ನು ಕುರಿತೇ ನಮ್ಮ ಮೊದಲ ಸೂತ್ರ: 'ಕಿಟ್ಟಾದ್ ವೈರಾಗ್ಯಮ್'. ಕಬ್ಬಿಣ ಕಾಯಿಸಿದಾಗ ಉಳಿಯುವ ಕಿಟ್ಟಕ್ಕೂ ಈ ಕಿಟ್ಟಿಗೂ ಸಂಬಂಧವಿದೆಯೆಂದು ಅಂಗಡಿಯವರ ಪಕ್ಷ. ಅದರ ಮೈ ಪ್ಲಾಸ್ಟಿಕ್ಕಿನದು, ತೂಕ 205 ಗ್ರಾಂ, ಬೆಲೆಯನ್ನು ಯಾರೂ ಕೇಳುವುದಿಲ್ಲ. ಹೀಗೆ ಅಗ್ಗವಾದ ವಸ್ತುವಿನಿಂದ ಒಳ್ಳೆಯ ಚಿತ್ರ ಬರಲು ಹೇಗೆ ಸಾಧ್ಯ? ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆಯನ್ನು ಇಲ್ಲಿ ಎತ್ತುವವರು ಶಾಸ್ತ್ರದ್ರೋಹಿಗಳು. ಅವರನ್ನು ಮುಂದಿನ ಭಾಗದಲ್ಲಿ ಖಂಡಿಸುವೆನೆಂದುಕೊಂಡಿದ್ದೆ, ಮರೆತೆ.

ಇತಿಹಾಸವನ್ನು ಹೇಳದಿದ್ದರೆ ಪ್ರಬಂಧಕ್ಕೆ ಕಳೆ ಇಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪಿಗೆ ಬಂದು, ಮೇಣ ಹಚ್ಚಿದ ದೊಡ್ಡ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಆ ಹಾಳೂರನ್ನು ಇಳಿಸಿಕೊಂಡ. ಅವನ ಪೆಟ್ಟಿಗೆಯಲ್ಲಿ ಝೂಮ್ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ, 35 ಮಿ.ಮೀ. ಸ್ಟಿಲ್ ಕ್ಯಾಮೆರಾಕ್ಕೆಂದು ಮೊದಲ ಝೂಮ್ ಮಸೂರ, ವೋಯ್ಟ್‌ಲ್ಯಾಂಡರ್ ಝೂಮಾರ್, ಮಾರುಕಟ್ಟೆ ಕಂಡದ್ದು 1959ರಲ್ಲಿ. ಅದರ ವ್ಯಾಪ್ತಿ 36ರಿಂದ 82. ಹಾಗಾದರೆ ಗ್ರೀನ್‌ಲಾ ಹತ್ತಿರ-ದೂರ ಮಾಡಿದ್ದು ಹೇಗೆ? ಪಾದಗಳಿಂದ ಎಂದು ಊಹಿಸಬೇಕಾಗುತ್ತದೆ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳನ್ನು ಹುಡುಕಿ, ಅದೇ ಕೋನಗಳಲ್ಲಿ ಮತ್ತೆ ಫೋಟೊ ತೆಗೆದರು. ಎಂದರೆ ಒಬ್ಬನು ನಿಂತ ಜಾಗವನ್ನು ಚಿತ್ರವೊಂದರಿಂದಲೇ ಪತ್ತೆ ಮಾಡಬಹುದು. ಯಾವುದು ಯಾವುದರ ಹಿಂದೆ ಮರೆಯಾಗುತ್ತದೆ ಎನ್ನುವುದು ನಿಂತ ನೆಲವನ್ನು ಅವಲಂಬಿಸಿದೆಯೇ ಹೊರತು ಮಸೂರವನ್ನಲ್ಲ. ಈ ಸತ್ಯ ಲೆನ್ಸ್ ಕೊಳ್ಳುವ ಉತ್ಸಾಹಕ್ಕೆ ಹಾನಿಕರವಾದ್ದರಿಂದ ಇದನ್ನು ಇಲ್ಲಿಗೇ ನಿಲ್ಲಿಸುತ್ತೇನೆ.

ಪ್ರಮಾಣಗಳ ವಿಚಾರ. ಶಬ್ದಪ್ರಮಾಣವೆಂದರೆ ವಿಮರ್ಶಕರು. ಅವರು ಸಕಲ ಮಸೂರಗಳನ್ನೂ ಇಟ್ಟಿಗೆ ಗೋಡೆಯ ಮುಂದೆ ಹಿಡಿದು "ನಡು ಚೂಪು, ಮೂಲೆ ಮೃದು" ಎನ್ನುತ್ತಾರೆ. ಅವರನ್ನು ಅನುಸರಿಸಿ ನಾನೂ ನಮ್ಮ ಕಾಂಪೌಂಡ್ ಗೋಡೆಯನ್ನು ಎದುರಿನಿಂದ ಹದಿನಾರು ಸಲ ತೆಗೆದೆ. ಮೂಲೆಗಳು ಮೃದುವಾಗಿಯೇ ಬಂದವು. ಪಕ್ಕದ ಮನೆಯ ನಿವೃತ್ತರು ಗೇಟಿನ ಹತ್ತಿರ ಬಂದು, "ಒತ್ತುವರಿ ಅಂತ ಏನಾದ್ರೂ ನೋಟಿಸ್ ಬಂತಾ?" ಎಂದು ಮೆಲ್ಲಗೆ ಕೇಳಿದರು. ಅಂದಿನಿಂದ ಅವರು ತಮ್ಮ ಕ್ರೋಟನ್ ಕುಂಡಗಳನ್ನು ಅರ್ಧ ಅಡಿ ಒಳಗೆ ಸರಿಸಿಕೊಂಡಿದ್ದಾರೆ. ಮಸೂರ ಪರೀಕ್ಷೆಯಿಂದ ಲೋಕಕ್ಕಾದ ಉಪಕಾರ ನನಗೆ ತಿಳಿದಂತೆ ಇದೊಂದೇ. ಇನ್ನು ಅನುಮಾನಪ್ರಮಾಣ. ಎಲ್ಲಿ ಎಲ್ಲಿ ಲೆನ್ಸಿನ ಕೊರಳಿಗೆ ಚಿನ್ನದ ಅಥವಾ ಕೆಂಪು ಬಳೆಯೋ ಅಲ್ಲಿ ಅಲ್ಲಿ ಕಂತಿನ ಸಾಲ. ಈ ವ್ಯಾಪ್ತಿಗೆ ಅಪವಾದವನ್ನು ನಾನು ಕಂಡಿಲ್ಲ.

ದರ್ಶನಗಳು ಮೂರು. ಮೊದಲನೆಯದು ಅದ್ವೈತ: ಲೆನ್ಸ್ ಒಂದೇ, ಎರಡನೆಯದೆಂಬುದು ಭ್ರಮೆ. 2017ರಲ್ಲಿ ಬಂದ ಟ್ಯಾಮ್ರಾನ್ 18-400 ಇದರ ಪರಾಕಾಷ್ಠೆ. ಇಪ್ಪತ್ತೆರಡು ಪಟ್ಟು ಝೂಮ್, ಸುಮಾರು 700 ಗ್ರಾಂ. ಶೃಂಗೇರಿಯಲ್ಲಿ ತುಂಗೆಯ ಈ ದಡದಿಂದ ಆ ದಡದವರೆಗೆ, ಅಲ್ಲಿಂದ ಮೀನಿನ ಬಾಯಿಯವರೆಗೆ ಎಲ್ಲವೂ ಒಂದರಲ್ಲೇ ಲೀನ. ಚೂಪೂ ಲೀನವಾಗುತ್ತದೆ ಎಂದು ಪರಮತದವರು ಚುಚ್ಚುತ್ತಾರೆ. ಗೆಳೆಯನೊಬ್ಬನ ಬಳಿ ಇಂಥದೇ ಜಾತಿಯ ಹಳೆಯದೊಂದಿದೆ. ಕುತ್ತಿಗೆಗೆ ನೇತುಹಾಕಿಕೊಂಡು ನಡೆದರೆ ಅದು ತನ್ನ ಭಾರಕ್ಕೆ ತಾನೇ ಆನೆಯ ಸೊಂಡಿಲಿನ ಹಾಗೆ ಕೆಳಗಿಳಿಯುತ್ತದೆ. ಅವನು ರಬ್ಬರ್ ಬ್ಯಾಂಡ್ ಸುತ್ತಿದ್ದಾನೆ. ಎರಡನೆಯದು ದ್ವೈತ: ಅಗಲದ್ದೇ ಬೇರೆ, ದೂರದ್ದೇ ಬೇರೆ, ಇವೆರಡಕ್ಕೂ ನಿತ್ಯ ಭೇದ. 10-20 ಒಂದು, 70-300 ಇನ್ನೊಂದು. ತಾರತಮ್ಯವೂ ಉಂಟು, ಬದಲಾಯಿಸುವಾಗ ಸೆನ್ಸರಿನ ಮೇಲೆ ಧೂಳೂ ಉಂಟು. ನಡುವೆ ನಿಂತದ್ದು ವಿಶಿಷ್ಟಾದ್ವೈತ: ಒಂದೇ, ಆದರೆ ಗುಣವಿಶಿಷ್ಟ. ನಿಕಾನ್‌ನ 16-80 ಈ ಮತದ್ದು. 480 ಗ್ರಾಂ, ಆರಂಭದಲ್ಲಿ ಎಫ್/2.8, ತುದಿಯಲ್ಲಿ ಎಫ್/4. ಶೃಂಗೇರಿ, ಉಡುಪಿ, ಮೇಲುಕೋಟೆ ಮೂರನ್ನೂ ಒಂದೇ ರಜೆಯಲ್ಲಿ ಸುತ್ತುವ ಪ್ರವಾಸಿಗೆ ಯಾವ ಮತ ಹಿತ? ಬಸ್ಸಿನವರ ಮತ.

ಇಲ್ಲಿ ಸ್ವಲ್ಪ ಗಣಿತ ಅನಿವಾರ್ಯ, ಯಾಕೆಂದರೆ ಜನ ಮೋಸಹೋಗುವುದು ಇಲ್ಲೇ. ಪೆಟ್ಟಿಗೆಯ ಮೇಲಿನ ಅಂಕಿ ದೊಡ್ಡದಾದಷ್ಟೂ ಲಾಭವೆಂದು ಲೋಕರೂಢಿ. ನನ್ನ ಕ್ಯಾಮೆರಾದ ಸೆನ್ಸರ್ ಎಪಿಎಸ್-ಸಿ. ಅದರ ಮೇಲೆ 300 ಮಿ.ಮೀ. ಸುಮಾರು 5.4 ಡಿಗ್ರಿ ನೋಟ ಕೊಡುತ್ತದೆ. 400 ಕೊಡುವುದು 4 ಡಿಗ್ರಿ. ನೂರು ಮಿ.ಮೀ. ಸುರಿದರೂ ಬದಲಾದದ್ದು ಒಂದೂವರೆ ಡಿಗ್ರಿಯೂ ಇಲ್ಲ. ಇನ್ನೊಂದು ತುದಿಗೆ ಬನ್ನಿ. 18 ಮಿ.ಮೀ.ಗೆ 76 ಡಿಗ್ರಿ, 16ಕ್ಕೆ 83. ಬರೀ ಎರಡು ಮಿ.ಮೀ.ಗೆ ಏಳು ಡಿಗ್ರಿ! 10ಕ್ಕೆ ಇಳಿದರೆ 109. ದೊಡ್ಡ ಸಂಖ್ಯೆಗಳ ಊರಿನಲ್ಲಿ ಮಿಲಿಮೀಟರು ಅಗ್ಗ, ಸಣ್ಣ ಸಂಖ್ಯೆಗಳ ಊರಿನಲ್ಲಿ ಅದಕ್ಕೆ ಚಿನ್ನದ ಬೆಲೆ. ಇದನ್ನು ಗೆಳೆಯನಿಗೆ ವಿವರಿಸಿದೆ. ರಬ್ಬರ್ ಬ್ಯಾಂಡ್ ಇನ್ನೊಂದು ಸುತ್ತು ಸುತ್ತಿದ.

ಅಗಲ ಮಸೂರದಲ್ಲಿ ಬೆಟ್ಟ ಗುಡ್ಡವಾಗುತ್ತದೆ, ಗುಡ್ಡ ಹುತ್ತವಾಗುತ್ತದೆ, ಮುಳ್ಳಯ್ಯನಗಿರಿ ಮೊಡವೆಯಾಗುತ್ತದೆ ಇತಿ ಚೇತ್, ನ. ಮುಂದೆ ಏನಾದರೂ ಒಂದನ್ನು ಹತ್ತಿರಕ್ಕೆ ಇಟ್ಟುಕೊಳ್ಳಬೇಕು. ಹಂಪಿಯಲ್ಲಿ ಮುಂದಿಡಲು ಬಂಡೆಗೆ ಬರವಿದೆ ಎಂದು ಯಾರೂ ಈವರೆಗೆ ದೂರಿಲ್ಲ.

ಎಫ್/2.8 ವಿಚಾರದಲ್ಲಿ ಶಾಸ್ತ್ರಜ್ಞರ ನಡುವೆ ತಲೆತಲಾಂತರದ ಜಗಳ. ಕಿಟ್ಟಿನ 55 ತುದಿಯಲ್ಲಿ, ಎಫ್/5.6ರಲ್ಲಿ, ಬೆಳಕಿನ ಕಿಂಡಿಯ ಅಡ್ಡಗಲ ಹತ್ತಿರ ಹತ್ತಿರ ಹತ್ತು ಮಿ.ಮೀ. ಎಫ್/2.8 ಆದರೆ ಅದು ಇಪ್ಪತ್ತು, ಬೆಳಕು ನಾಲ್ಕರಷ್ಟು. ಕೇಳಲು ಸೊಗಸು. ಆದರೆ ಪ್ರಕೃತಿದೃಶ್ಯದವನು ಮಾಡುವುದೇನು? ಮುಂದಿನ ಬಂಡೆಯಿಂದ ಹಿಂದಿನ ಬೆಟ್ಟದವರೆಗೆ ಎಲ್ಲವೂ ಚೂಪಾಗಿ ಬೇಕೆಂದು ಕಿಂಡಿಯನ್ನು ಎಫ್/8ಕ್ಕೆ ಮುಚ್ಚಿ ಕೂರುತ್ತಾನೆ. ಹೆಬ್ಬಾಗಿಲಿಗೆ ದುಡ್ಡು ಸುರಿದು, ಮನೆ ಕಟ್ಟಿ, ಹಿತ್ತಿಲ ಬಾಗಿಲಿಂದಲೇ ಓಡಾಡಿದಂತೆ. ಬೇಲೂರಿನ ನವರಂಗದ ಕತ್ತಲಲ್ಲಿ, ಆ ತಿರುಗಣೆ ಕಂಬಗಳ ನಡುವೆ ನಿಂತಾಗ ಮಾತ್ರ 2.8ರವರ ಮಾತಿಗೆ ತಲೆದೂಗಬೇಕಾಗುತ್ತದೆ. ಸ್ಮಾರಕಗಳಲ್ಲಿ ಟ್ರೈಪಾಡ್ ಹೂಡಲು ಅನುಮತಿ ಬೇಕು, ಕೈಯೇ ಗತಿ. ಕಂಬಕ್ಕೆ ಒರಗಿ, ಉಸಿರು ಬಿಗಿಹಿಡಿದು, ಐಎಸ್‌ಒ ಏರಿಸಿ ನಾನು ದಾಟಿಕೊಂಡಿದ್ದೇನೆ. ಚಿತ್ರದಲ್ಲಿ ರವೆ ಉದುರಿಸಿದಂತಿದೆ, ಇರಲಿ.

ಉಪಾಂಗಗಳ ವಿಷಯ ಒಂದೇ ಮಾತು. ಮಲೆನಾಡಿನ ಒದ್ದೆ ಎಲೆಯ ಹೊಳಪು ತೆಗೆಯಲೆಂದು ಕೊಂಡಿದ್ದ ಪೋಲರೈಸರ್ ಫಿಲ್ಟರ್ ನನ್ನಲ್ಲಿ 55 ಮಿ.ಮೀ. ಅಡ್ಡಗಲದ್ದು. ಮೇಲೆ ಹೇಳಿದ 18-400ಕ್ಕೂ 16-80ಕ್ಕೂ 10-20ಕ್ಕೂ ಬೇಕಾದದ್ದು 72ರದ್ದು. ಮೂರು ಮತಗಳಿಗೂ ಒಮ್ಮತವಿರುವುದು ಖರ್ಚಿನಲ್ಲಿ ಮಾತ್ರ.

ಕಡೆಗೆ ಪ್ರತ್ಯಕ್ಷಪ್ರಮಾಣಕ್ಕೆ ಇಳಿದೆ. ಪ್ರತಿ ಫೋಟೊದ ಬೆನ್ನಿಗೂ ಅದನ್ನು ಎಷ್ಟು ಮಿ.ಮೀ.ನಲ್ಲಿ ತೆಗೆದದ್ದೆಂಬ ಲೆಕ್ಕ ಬರೆದಿರುತ್ತದೆ. ಒಂದು ಭಾನುವಾರ ನನ್ನ ಹಳೆಯ ಪ್ರವಾಸಗಳನ್ನೆಲ್ಲ ಹರಡಿಕೊಂಡು ಕುಳಿತೆ. ಮುಕ್ಕಾಲುಪಾಲು ಚಿತ್ರಗಳು 18ರಲ್ಲೇ ಇವೆ. 55ರಲ್ಲಿ ತೆಗೆದವು ಬಹುತೇಕ ಮಂಗಗಳು. ನಾನು ಇಷ್ಟು ದಿನ ಯಾವ ಕಡೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದೆ ಎನ್ನುವುದು ಸ್ಪಷ್ಟವಾಯಿತು. ವಿಜಯಪುರದ ಗೋಲಗುಮ್ಮಟದ ಮುಂದೆ ಹಿಂದೆ ಹಿಂದೆ ಸರಿದು, ಎದುರಿಗಿರುವ ನಗಾರಖಾನೆಯ ವಸ್ತುಸಂಗ್ರಹಾಲಯಕ್ಕೆ ಬೆನ್ನು ತಾಗಿಸಿ, ಒಂದು ಮಿನಾರು ಹಿಡಿಸಿ ಇನ್ನೊಂದನ್ನು ಕತ್ತರಿಸಿದ್ದೇನೆ. ಶ್ರವಣಬೆಳಗೊಳದಲ್ಲಿ 58 ಅಡಿಯ ಗೊಮ್ಮಟನಿಗೆ ಒಂದರಲ್ಲಿ ಪಾದವಿಲ್ಲ, ಇನ್ನೊಂದರಲ್ಲಿ ಗುಂಗುರು ಕೂದಲಿಲ್ಲ. ಕನಕದಾಸರಿಗೆ ಕಿಂಡಿಯೊಂದೇ ಸಾಕಾಗಿತ್ತು. ದೇವರೇ ಅವರತ್ತ ತಿರುಗಿ ನಿಂತ ಎಂದು ಪ್ರತೀತಿ. ಗೋಲಗುಮ್ಮಟ ಯಾರಿಗಾಗಿಯೂ ಎರಡು ಹೆಜ್ಜೆ ಹಿಂದೆ ಸರಿಯುವುದಿಲ್ಲ.

ಆದರೂ ಮನಸ್ಸು 16-80ರ ಕಡೆಗೇ ವಾಲುತ್ತಿತ್ತು. ನಿಜ ಹೇಳಬೇಕೆಂದರೆ ರಬ್ಬರ್ ಬ್ಯಾಂಡಿನ ಗೆಳೆಯನ ಮೇಲಿನ ಅಸೂಯೆಯಿಂದ 18-400ರ ಕಡೆಗೂ. ಹಂಪಿಯಲ್ಲಿ ವಿಠ್ಠಲ ದೇವಾಲಯದ ಹಿಂಬದಿ ಎರಡು ಕಲ್ಲುಕಂಬಗಳ ಮೇಲೊಂದು ತೊಲೆ ನಿಂತಿದೆ. ಅರಸರು ತಮ್ಮ ತೂಕಕ್ಕೆ ತೂಕ ಚಿನ್ನ ದಾನ ಮಾಡಿದ ತುಲಾಭಾರದ ಜಾಗವೆಂದು ಹೇಳುತ್ತಾರೆ. ನಮ್ಮ ಮನೆಯಲ್ಲಿ ಚಿನ್ನವಿಲ್ಲದ್ದರಿಂದ ಮನೆಯಾಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಇಳಿಸಿದಳು. ಮೂರು ಸ್ಟೀಲ್ ಡಬ್ಬಿಗಳು. ಡಬ್ಬಿಯ ತೂಕ ಕಳೆದು ಒಂದರಲ್ಲಿ 700 ಗ್ರಾಂ ಚನ್ನಂಗಿ ಬೇಳೆ, ಒಂದರಲ್ಲಿ 480, ಇನ್ನೊಂದರಲ್ಲಿ 230. ಕೊನೆಯದು ಯಾವುದೆಂದು ಕೇಳಿದೆ. "ನಿಮ್ಮ ಪಟ್ಟಿಯಲ್ಲೇ ಇತ್ತಲ್ಲ, ಹತ್ತು-ಇಪ್ಪತ್ತು" ಎಂದಳು. ಹಳೇ ಸೀರೆಯ ಅಂಚಿನಲ್ಲಿ ಡಬ್ಬಿ ಕಟ್ಟಿ ನನ್ನ ಕುತ್ತಿಗೆಗೆ ಹಾಕಿ, "ಟೆರೇಸಿಗೆ ಹತ್ತಿ, ಇಳಿದು, ಹತ್ತಿ. ಮಾತಂಗ ಬೆಟ್ಟ ಅಂದ್ಕೊಳ್ಳಿ" ಎಂದು ಅಪ್ಪಣೆ ಮಾಡಿದಳು.

ಏಳುನೂರು ಎರಡನೇ ಸುತ್ತಿನಲ್ಲಿ ನೀರಿನ ತೊಟ್ಟಿಯ ಪಕ್ಕ ಕುಳಿತಿತು, ಜೊತೆಗೆ ನಾನೂ. ಡಬ್ಬಿ ಎದೆಗೆ ಬಡಿಯುವ ತಾಳಕ್ಕೆ ಮುಚ್ಚಳ ಸಡಿಲವಾಗಿ ನಾಲ್ಕು ಮೆಟ್ಟಿಲ ಮೇಲೆ ಕೆಂಪು ಕಾಳು ಚೆಲ್ಲಿತು. ಪ್ರತಿಯೊಂದೂ ಪುಟ್ಟ ಪುಟ್ಟ ಲೆನ್ಸಿನ ಹಾಗೇ ಇತ್ತು, ಲ್ಯಾಟಿನ್ನಿನವರು ಹೇಳಿದ್ದು ನಿಜ. ನಾನೂರ ಎಂಬತ್ತು ಮೂರನೇ ಸುತ್ತಿಗೆ ಕತ್ತು ಹಿಡಿಸಿತು. ಇನ್ನೂರ ಮೂವತ್ತರ ಡಬ್ಬಿ ಕೊರಳಲ್ಲಿದ್ದದ್ದು ನಾನು ಕೆಳಗೆ ಬಂದು ಕಾಫಿಗೆ ಕುಳಿತಾಗಲೂ ನೆನಪಿರಲಿಲ್ಲ. ಲೋಟ ಡಬ್ಬಿಗೆ ತಾಗಿದಾಗ ಗೊತ್ತಾಯಿತು. ಅದರ ಜೊತೆಗೆ ಹಳೆಯ ಕಿಟ್ಟ 205 ಗ್ರಾಂ ಸೇರಿಸಿದರೂ 435. ಹತ್ತರಿಂದ ಐವತ್ತೈದರವರೆಗೆ ಎಲ್ಲ ನನ್ನದೇ.

"ಕಾಲು ಕೆ.ಜಿ. ಸಾಕು ಅಂತ ಅವತ್ತೇ ಹೇಳಲಿಲ್ವಾ?" ಎನ್ನುತ್ತ ಅವಳು ಏಳುನೂರರ ಡಬ್ಬಿಯಿಂದ ಎರಡು ಹಿಡಿ ಬೇಳೆ ತೆಗೆದು ತೊಳೆದು, ಟೊಮೆಟೊ ಹೆಚ್ಚಿ ಹಾಕಿ, ಕುಕ್ಕರ್ ಮುಚ್ಚಿದಳು. ಚನ್ನಂಗಿ ಬೇಗ ಬೇಯುತ್ತದೆ. ಅದ್ವೈತ ಎರಡೇ ಸೀಟಿಗೆ ಕರಗಿತು.