ಪಾಂಡಾ ಯಾರ ಪೈಕಿ?

ಬೀದರ ಪಕ್ಕದ ನಮ್ಮ ನೌಬಾದದ ಚಹಾದಂಗಡಿಯಲ್ಲಿ ಹೊಸಬರು ಬಂದು ಕುಂತರೆ ಚಹಾಕ್ಕಿಂತ ಮೊದಲು ಒಂದು ಪ್ರಶ್ನೆ ಬರುತ್ತದೆ: ‘ಯಾರ ಪೈಕಿ?’ ಇದಕ್ಕೆ ಸರಿಯಾದ ಉತ್ತರ ಇದ್ದವನಿಗೆ ಬಾಡಿಗೆ ಮನೆ, ಕೈಗಡ, ಹೆಣ್ಣು ಎಲ್ಲವೂ ಸಿಗುತ್ತವೆ. ಇಲ್ಲದವನಿಗೆ ಚಹಾ ಸಿಗುತ್ತದೆ, ರೊಕ್ಕ ಕೊಟ್ಟರೆ.

ಮೊನ್ನೆ ಅಣ್ಣನ ಮಗ ಶಾಲೆಯ ಪ್ರಾಜೆಕ್ಟಿಗೆಂದು ಚಾರ್ಟ್ ಹಾಸಿಕೊಂಡು ಕುಂತಿದ್ದ. ಒಂದು ಮೂಲೆಗೆ ಪಾಂಡಾ, ಇನ್ನೊಂದು ಮೂಲೆಗೆ ಕೆಂಪು ನರಿ.

‘ಕಾಕಾ, ಇವೆರಡೂ ಬಳಗ ಅಂತ. ಖರೇನಾ?’

‘ಖರೇನೇ. ಎರಡೂ ಮಾಂಸಾಹಾರಿ ಗಣದವು. ಪಾಂಡಾದ್ದು ಕರಡಿ ಮನೆತನ, ನರಿದು ನಾಯಿ ಮನೆತನ. ಬ್ಯಾರೆ ಆಗಿ ನಾಲ್ಕು ಕೋಟಿ ವರ್ಷದ ಮ್ಯಾಲಾತು.’

ನಮ್ಮಲ್ಲಿ ಹೊಲ ಪಾಲಾಗಿ ನಾಲ್ಕು ವರ್ಷಕ್ಕೇ ಅಣ್ಣತಮ್ಮಂದಿರ ಮಾತು ನಿಂತಿರುತ್ತದೆ. ಇವಿನ್ನೂ ಒಂದೇ ಪುಸ್ತಕದಲ್ಲಿ ಇವೆ.

ಪಾಂಡಾದ ಪೈಕಿ ಗೊತ್ತಾಗಿದ್ದೂ ಸುಲಭಕ್ಕಲ್ಲ. 1869ರಲ್ಲಿ ಫ್ರೆಂಚ್ ಪಾದ್ರಿ ಅರ್ಮಾನ್ ದಾವಿದ್ ಅದನ್ನು ಹೊರಜಗತ್ತಿಗೆ ತೋರಿಸಿದ. ಕರಡಿಯೋ ರಕೂನೋ ಎಂದು ಪಂಡಿತರು ನೂರು ವರ್ಷ ಜಗ್ಗಾಡಿದರು. ವಂಶವಾಹಿ ನೋಡಿ ‘ಕರಡಿ’ ಎಂದು ಬರೆದದ್ದು 1980ರ ದಶಕದಲ್ಲಿ. ಜಾತಿ ಪ್ರಮಾಣಪತ್ರಕ್ಕೆ ಅಲೆದು ಚಪ್ಪಲಿ ಸವೆಸಿದವರು ಇದನ್ನು ಕೇಳಿ ಸಮಾಧಾನ ಪಡಬೇಕು.

ಅದರ ಊಟವೋ! ಕರುಳು ಮಾಂಸಾಹಾರಿಯದು, ಮುಂದಿರುವುದು ಬಿದಿರು. ಶ್ರಾವಣದಲ್ಲಿ ಇಂಥವರು ನಮ್ಮ ಓಣಿಯಲ್ಲೂ ಸಿಗುತ್ತಾರೆ. ದಿನಕ್ಕೆ 12ರಿಂದ 38 ಕಿಲೊ ತಿನ್ನುತ್ತದೆ, ಅರಗುವುದು ಐದರಲ್ಲಿ ಒಂದು ಪಾಲೂ ಅಲ್ಲ. ಬಿದಿರು ಹಿಡಿಯಲೆಂದೇ ಮಣಿಕಟ್ಟಿನ ಒಂದು ಎಲುಬು ಬೆಳೆದು ಆರನೇ ಬೆರಳಾಗಿದೆ. ಇಷ್ಟು ಅನುತ್ಪಾದಕನಾಗಿಯೂ ಇಷ್ಟು ಮರ್ಯಾದೆ ಪಡೆದವನು ಮನೆಯ ಅಳಿಯನೊಬ್ಬನೇ.

ಅಳಿಯನಾದರೂ ಪುಕ್ಕಟೆ ಬರುತ್ತಾನೆ. ಪಾಂಡಾ ಬರುವುದು ಬಾಡಿಗೆಗೆ. ಅಮೆರಿಕದ ಮೃಗಾಲಯಗಳು ಒಂದು ಜೋಡಿಗೆ ವರ್ಷಕ್ಕೆ 10 ಲಕ್ಷ ಡಾಲರ್ ವರೆಗೂ ಚೀನಾಕ್ಕೆ ಕೊಟ್ಟಿವೆ. ಮರಿ ಹುಟ್ಟಿದರೆ ಅದೂ ಚೀನಾದ್ದೇ. 1961ರಿಂದ ವಿಶ್ವ ವನ್ಯಜೀವಿ ನಿಧಿಯ ಲಾಂಛನವೂ ಅದೇ. ಗುಂಡು ಮುಖ, ಕಣ್ಣಿನ ಸುತ್ತ ಕಾಡಿಗೆ. ಸಂರಕ್ಷಣೆಗೆ ಅರ್ಜಿ ಹಾಕುವವರು ಮೊದಲು ಫೋಟೊ ಚೆನ್ನಾಗಿ ತೆಗೆಸಿಕೊಳ್ಳಬೇಕು.

ಇನ್ನು ನರಿ. ಹುಡುಗ ಅಂಟಿಸಿದ್ದ ಕೆಂಪು ನರಿ ಉತ್ತರದ ಕಡೆಯದು, ನಮ್ಮ ಸೀಮೆಯದಲ್ಲ. ಬಯಲುಸೀಮೆಯದು ಬೂದು ಮೈಯ, ಬಾಲದ ತುದಿ ಕಪ್ಪಗಿರುವ ಸಣ್ಣ ನರಿ. ಭಾರತ ಉಪಖಂಡ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಇಲಿ, ಮಿಡತೆ, ಗೆದ್ದಲು, ಬಾರಿ ಹಣ್ಣು, ಸಿಕ್ಕದ್ದನ್ನು ತಿಂದು ರೈತನಿಗೆ ಬಿಲ್ಲು ಕಳಿಸದೆ ಬದುಕುತ್ತದೆ. ಪ್ರತಿಫಲವಾಗಿ ನಾವು ಕೊಟ್ಟದ್ದು ‘ನರಿಬುದ್ಧಿ’ ಎಂಬ ಬಿರುದು. ಅಷ್ಟು ಬುದ್ಧಿ ಇದ್ದಿದ್ದರೆ ಅದು ಚೀನಾದಲ್ಲಿ ಹುಟ್ಟುತ್ತಿತ್ತು.

ಅದಕ್ಕೆ ಬೇಕಾದದ್ದು ಬಿದಿರುಮೆಳೆಯಲ್ಲ, ಬರೀ ಬಯಲು. ಹುಲ್ಲು, ಕುರುಚಲು, ನಾಲ್ಕಾರು ಬಾಯಿಯ ಒಂದು ಬಿಲ. ಕಾಗದಪತ್ರದಲ್ಲಿ ಇಂಥ ಹುಲ್ಲುಗಾವಲಿಗೆ ‘ಬಂಜರು’ ಎಂದು ಹೆಸರು. ಬಂಜರಿನಲ್ಲಿ ಯಾರೂ ಇರಲಾರರು, ಇದ್ದರೂ ಲೆಕ್ಕಕ್ಕಿಲ್ಲ. ನರಿಯಂತೆ ನೆಲದೊಳಗೆ ತೋಡಿ ಸಾಲಾಗಿ ಬಾಯಿ ಬಿಡುವ ವಿದ್ಯೆ ನೌಬಾದಕ್ಕೂ ಗೊತ್ತು. ಬಹಮನಿಗಳ ಕಾಲದ ಕರೇಜ್ ಎಂಬ ನೀರಿನ ಸುರಂಗ ನಮ್ಮ ಕಾಲಡಿಯಲ್ಲೇ ಇದೆ. ಅದರ ಬಾಯಿಗಳಿಗೂ ಬಹಳ ಕಾಲ ನಾವು ಕಸ ತುಂಬಿದೆವು. ‘ಪರಂಪರೆ’ಯ ಪೈಕಿ ಎಂದು ಗೊತ್ತಾದ ಮೇಲೆ ಇಳಿದು ಹೂಳು ತೆಗೆದೆವು. ನರಿಯ ಬಿಲ ಯಾವ ಸುಲ್ತಾನನ ಪೈಕಿಯೂ ಅಲ್ಲ.

‘ನಮ್ಮ ನರಿ ಫೋಟೊ ಸ್ಟೇಷನರಿ ಅಂಗಡ್ಯಾಗ ಇಲ್ಲ ಕಾಕಾ. ಪಾಂಡಾ ಸ್ಟಿಕರ್ ಆದ್ರ ಹಾಳಿಗಟ್ಲೆ ಅವ.’

‘ಕೈಲೇ ಬಿಡಿಸು.’

ಬಿಡಿಸಿದ. ಚಂದ ಬಂತು. ಹುಲ್ಲು ಬರೆದ, ಬಿಲ ಬರೆದ. ಆಮೇಲೆ ನರಿಯ ಸುತ್ತ ನಾಲ್ಕು ಮೂಲೆಗೆ ನಾಲ್ಕು ಬಿಳಿ ಕಲ್ಲು ನೆಟ್ಟ.

‘ಕಲ್ಲು ಯಾಕೋ?’

‘ಬಯಲು ಅಂದ್ರ ಸೈಟಿನ ಕಲ್ಲು ಇರ್ತಾವಲ್ಲ ಕಾಕಾ.’