ಮಡಿ ಸರ್ವರ್

ಬೆಂಗಳೂರಿನ ಯಾವ ಕಂಪನಿಗೆ ಬೇಕಾದರೂ ಹೋಗಿ ಸರ್ವರ್ ಪಟ್ಟಿ ತೆರೆಸಿ ನೋಡಿ. ಒಂದು ಹೆಸರಿನ ಎದುರು ‘ದಯವಿಟ್ಟು ಮುಟ್ಟಬೇಡಿ’ ಎಂಬ ಟಿಪ್ಪಣಿ ಇದ್ದೇ ಇರುತ್ತದೆ. ಬರೆದವನು ಕೆಲಸ ಬಿಟ್ಟು ಕೆನಡಾ ಸೇರಿ ಬಹಳ ಕಾಲವಾಗಿದೆ. ಅದರ ಮೇಲೆ ಏನು ಓಡುತ್ತಿದೆ ಎಂದು ಕೇಳಿದರೆ ನಾಲ್ವರು ನಾಲ್ಕು ಉತ್ತರ ಕೊಡುತ್ತಾರೆ. ಅದು ನಿಂತರೆ ಈ ತಿಂಗಳ ಸಂಬಳವಿಲ್ಲ ಎಂಬಲ್ಲಿ ಮಾತ್ರ ನಾಲ್ವರಿಗೂ ಒಮ್ಮತ. ಇದನ್ನೇ ನಾನು ಮಡಿ ಸರ್ವರ್ ಎನ್ನುವುದು. ಯಾರೂ ಸೋಕಬಾರದು, ಸೋಕಿದರೆ ಮೈಲಿಗೆ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಮಾತ್ರ ರ‍್ಯಾಕಿನ ಬಾಗಿಲು ತೆರೆದು ಅರಿಸಿನ ಕುಂಕುಮ ಹಚ್ಚಿ, ಬಾಗಿಲ ಹೊರಗೆ ಬೂದುಗುಂಬಳ ಒಡೆಯುತ್ತಾರೆ. ಪ್ಯಾಚ್ ಹಾಕಲು ಕೊಡದ ಅನುಮತಿಯನ್ನು ಕುಂಕುಮ ಹಾಕಲು ತಕರಾರಿಲ್ಲದೆ ಕೊಡುವ ಏಕೈಕ ಐಟಿ ರಾಜಧಾನಿ ನಮ್ಮದು.

ನಾನು ಲಿನಕ್ಸ್ ಸಿಸ್ಟಮ್ ಅಡ್ಮಿನ್. ಕಂಪನಿಯ ಕಾರ್ಡಿನ ಮೇಲೆ ಹಾಗಿಲ್ಲ. ಮೊದಲು ಡೆವ್‌ಆಪ್ಸ್ ಎಂಜಿನಿಯರ್ ಎಂದಿತ್ತು, ಆಮೇಲೆ ಸೈಟ್ ರಿಲಯಬಿಲಿಟಿ ಎಂಜಿನಿಯರ್ ಆಯಿತು, ಈಗ ಪ್ಲಾಟ್‌ಫಾರ್ಮ್ ಎಂಜಿನಿಯರ್. ಎಷ್ಟು ನಾಮಕರಣವಾದರೂ ಡಿಸ್ಕ್ ತುಂಬುವುದು ರಾತ್ರಿ ಎರಡಕ್ಕೇ.

ನಮ್ಮ ಮಡಿ ಸರ್ವರ್‌ನಲ್ಲಿರುವುದು ಸೆಂಟ್‌ಓಎಸ್ 7 ಎಂಬ ಲಿನಕ್ಸ್. ಅದಕ್ಕೆ ಸಿಗುತ್ತಿದ್ದ ಅಪ್ಡೇಟ್‌ಗಳು 2024ರ ಜೂನ್ 30ಕ್ಕೆ ನಿಂತವು. ಅದರ ಮುಂದಿನ ಸೆಂಟ್‌ಓಎಸ್ 8ಕ್ಕೆ 2029ರವರೆಗೆ ಆಯುಸ್ಸು ಎಂದು ಹೇಳಿದ್ದರು. 2020ರ ಡಿಸೆಂಬರಿನಲ್ಲಿ ರೆಡ್ ಹ್ಯಾಟ್ ಕಂಪನಿ ಜಾತಕ ತಿದ್ದಿ 2021ರ ಕೊನೆಗೇ ಮುಗಿಸಿತು. ಹಾಗಾಗಿ 7ರಲ್ಲೇ ಉಳಿದವರು ಬುದ್ಧಿವಂತರೆನಿಸಿಕೊಂಡರು. ಈಗ ಆ ಯಂತ್ರದಲ್ಲಿ ಪ್ಯಾಕೇಜ್ ತರಿಸಲು ‘ಯಮ್’ ಎಂದು ಕರೆದರೆ, ಹುಡುಕಿದ ವಿಳಾಸವೇ ಇಲ್ಲ ಎಂಬ ಉತ್ತರ ಬರುತ್ತದೆ. ಯಮನೂ ಬರಲೊಪ್ಪದ ಸರ್ವರ್ ಇದು. ಮ್ಯಾನೇಜರರ ಬಳಿ ಹೋಗಿ, ‘ಸರ್, ಇದನ್ನು ಬದಲಾಯಿಸಬೇಕು’ ಎಂದೆ.

‘ಓಡ್ತಾ ಇದೆ ತಾನೇ?’

‘ಓಡ್ತಿದೆ ಸರ್.’

‘ಮತ್ತೆ ಸುಮ್ನೆ ಯಾಕ್ರೀ ಕೈ ಹಾಕ್ತೀರ?’

ಈ ಪ್ರಶ್ನೆಗೆ ಉತ್ತರ ಕಂಡುಹಿಡಿದವನಿಗೆ ನಮ್ಮ ವೃತ್ತಿಯಲ್ಲಿ ಇನ್ನೂ ಯಾರೂ ಪ್ರಶಸ್ತಿ ಕೊಟ್ಟಿಲ್ಲ, ಏಕೆಂದರೆ ಅಂಥವನು ಹುಟ್ಟಿಲ್ಲ.

ಆದರೆ ಮ್ಯಾನೇಜರರನ್ನು ಬೈದು ಕೈತೊಳೆದುಕೊಳ್ಳುವುದು ಅನ್ಯಾಯ. ಈ ಮಡಿಯನ್ನು ಹೊರಗಿನವರು ತಂದು ಹೇರಲಿಲ್ಲ; ಅರ್ಚಕರು ನಾವೇ. ಅವರದು ಭಯದ ಮಡಿ, ನಮ್ಮದು ಜಂಬದ್ದು. ಲಿನಕ್ಸ್‌ನಲ್ಲಿ ‘ಅಪ್‌ಟೈಮ್’ ಎಂದು ಕೊಟ್ಟರೆ ಯಂತ್ರ ಎಷ್ಟು ದಿನದಿಂದ ಒಂದೇ ಸಮನೆ ಓಡುತ್ತಿದೆ ಎಂದು ತೋರಿಸುತ್ತದೆ. ಆ ಅಂಕಿಯ ಫೋಟೊ ತೆಗೆದು ನಮ್ಮವರು ವಾಟ್ಸ್ಆಪ್ ಗುಂಪಿಗೆ ಹಾಕುತ್ತಾರೆ. ಸಾವಿರದ ಇನ್ನೂರು ದಿನ ಎಂದು ಒಬ್ಬ ಹಾಕಿದರೆ ಹತ್ತು ಜನ ಕೈಮುಗಿಯುತ್ತಾರೆ. ಸಾವಿರದ ಇನ್ನೂರು ದಿನ ರೀಬೂಟ್ ಇಲ್ಲ ಎಂದರೆ ಬಹುಪಾಲು ಕಡೆ ಅಷ್ಟೂ ದಿನ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಪ್ಯಾಚ್ ಇಲ್ಲ ಎಂದೇ ಅರ್ಥ. ಅದನ್ನು ಗುಂಪಿನಲ್ಲಿ ಯಾರೂ ಹೇಳುವುದಿಲ್ಲ. ಮಂಗಳಾರತಿಯ ಹೊತ್ತಿನಲ್ಲಿ ಸ್ನಾನದ ವಿಷಯ ಎತ್ತುವುದು ಶೋಭೆಯಲ್ಲ.

ಹಳೆಯ ಕರ್ನಲ್‌ಗಳಿಗೆ ಈ ಪುಣ್ಯವನ್ನು ಎಣಿಸುವುದಕ್ಕೂ ಬರುತ್ತಿರಲಿಲ್ಲ. 32 ಬಿಟ್‌ನ ಕೌಂಟರ್ ಸೆಕೆಂಡಿಗೆ 100ರಂತೆ ಏರುತ್ತ 497 ದಿನಕ್ಕೆ ತುಂಬಿ, ಮತ್ತೆ ಸೊನ್ನೆಯಿಂದ ಶುರುವಾಗುತ್ತಿತ್ತು. 498ನೆಯ ದಿನ ಬೆಳಿಗ್ಗೆ ಬಂದು ನೋಡಿದ ಹಿರಿಯರಿಗೆ ಎದೆ ಧಸಕ್ಕೆಂದದ್ದುಂಟು. ಯಂತ್ರವೇನೂ ಬಿದ್ದಿರಲಿಲ್ಲ, ಪುಣ್ಯ ಮಾತ್ರ ಕರಗಿತ್ತು. ಆಮೇಲೆ 2.6.32 ಕರ್ನಲ್‌ನ ಕಾಲದಲ್ಲಿ ಇನ್ನೊಂದು ದೋಷ ಬಂತು. ಸುಮಾರು 208 ದಿನ ರೀಬೂಟ್ ಮಾಡದಿದ್ದರೆ ಕೆಲವು ಯಂತ್ರಗಳು ತಾವಾಗಿಯೇ ಕುಸಿಯುತ್ತಿದ್ದವು. ಹೆಚ್ಚು ಮಡಿ ಮಾಡಿದವರಿಗೇ ಮೊದಲ ಶಿಕ್ಷೆ ಎಂಬ ಇಂಥ ಶಾಸ್ತ್ರ ಬೇರೆ ಎಲ್ಲಿದೆಯೋ ನಾನು ಕಾಣೆ.

2016ರ ಅಕ್ಟೋಬರಿನಲ್ಲಿ ‘ಡರ್ಟಿ ಕೌ’ ಬಯಲಾಯಿತು. 2007ರಿಂದ ಕರ್ನಲ್‌ನೊಳಗೇ ಕೂತಿದ್ದ ದೋಷ. ಸಾಧಾರಣ ಖಾತೆಯಿರುವವನೂ ಅದರ ಬೆನ್ನೇರಿ ಯಂತ್ರದ ಒಡೆಯನಾದ ‘ರೂಟ್’ ಆಗಬಹುದಿತ್ತು. ಒಂಬತ್ತು ವರ್ಷ ನಾವು ಗರ್ಭಗುಡಿಯ ಮುಂಬಾಗಿಲಿಗೆ ಬೀಗ ಹಾಕಿಕೊಂಡು ಕಾದಿದ್ದೆವು, ಹಿಂದಿನ ಗೋಡೆಯೇ ಇರಲಿಲ್ಲ. ಪ್ಯಾಚ್ ಬಂತು, ರೀಬೂಟ್ ಮಾಡಬೇಕಿತ್ತು. ಎಷ್ಟೋ ಕಡೆ ಅರ್ಚಕರು ಅಪ್‌ಟೈಮ್ ನೋಡಿದರು, ನಿಟ್ಟುಸಿರಿಟ್ಟರು, ಬೀಗವನ್ನು ಇನ್ನೊಮ್ಮೆ ಎಳೆದು ನೋಡಿ ಮನೆಗೆ ಹೋದರು. ರೀಬೂಟ್ ಮಾಡದೆಯೇ ಕರ್ನಲ್‌ಗೆ ಪ್ಯಾಚ್ ಹಾಕುವ ಸೌಕರ್ಯ 2015ರ 4.0 ಕರ್ನಲ್‌ನಲ್ಲೇ ಸೇರಿಕೊಂಡಿತ್ತಲ್ಲ ಎನ್ನುತ್ತೀರಾ? ಇತ್ತು. ಸಿದ್ಧಪಡಿಸಿದ ಪ್ಯಾಚ್‌ಗಳಿಗೆ ಚಂದಾ ಕಟ್ಟಬೇಕೆಂದು ಫೈನಾನ್ಸ್‌ನವರ ಹತ್ತಿರ ಹೋದರೆ, ‘ಲಿನಕ್ಸ್ ಫ್ರೀ ಅಲ್ವೇನ್ರೀ?’ ಎಂದು ಕೇಳುತ್ತಾರೆ.

ಸಿಸ್ಟಮ್‌ಡಿ ಬಗ್ಗೆ ನನ್ನ ಅಭಿಪ್ರಾಯ ಕೇಳಬೇಡಿ. ಕೇಳಿದರೆ ಊಟದ ಹೊತ್ತು ಮೀರುತ್ತದೆ. ಯಂತ್ರ ಏಳುವಾಗ ಯಾವ ಸೇವೆ ಮೊದಲು ಏಳಬೇಕು ಎಂದು ನೋಡಿಕೊಳ್ಳುವ ಪ್ರೋಗ್ರಾಮು ಅದು. 2014ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಬಳಗದ ತಾಂತ್ರಿಕ ಸಮಿತಿಯಲ್ಲಿ ಮತ ನಾಲ್ಕು-ನಾಲ್ಕಾಗಿ, ಅಧ್ಯಕ್ಷರ ನಿರ್ಣಾಯಕ ಮತದಿಂದ ಗೆದ್ದಿತು. ಸೋತ ಪಕ್ಷದವರಲ್ಲಿ ಕೆಲವರು ಸುಮ್ಮನಿರದೆ ಡೆವುವಾನ್ ಎಂಬ ಪ್ರತ್ಯೇಕ ಮಠ ಕಟ್ಟಿಕೊಂಡರು. ಬೇರೆ ಬೇರೆ ಪಂಕ್ತಿಯಲ್ಲಿ ಕೂತು ಉಣ್ಣುವ ಈ ಎರಡೂ ಮಠದವರು ಪ್ರೊಡಕ್ಷನ್ ಸರ್ವರ್ ರೀಬೂಟ್ ಮಾಡಬೇಕೆಂದಾಗ ಮಾತ್ರ ಒಂದಾಗುತ್ತಾರೆ: ‘ಇವತ್ತು ಬೇಡ, ಶುಕ್ರವಾರ.’

ಮುಟ್ಟಬಾರದೆನ್ನುವವರು ಬರೀ ಮೂಢರಾಗಿದ್ದರೆ ಅವರೊಡನೆ ವಾದ ಮಾಡಬಹುದಿತ್ತು. ಕಷ್ಟವೇನೆಂದರೆ, ಆಗಾಗ ಅವರೇ ಗೆಲ್ಲುತ್ತಾರೆ. 2014ರ ಏಪ್ರಿಲಿನಲ್ಲಿ ‘ಹಾರ್ಟ್‌ಬ್ಲೀಡ್’ ಬಂದು ಸರ್ವರ್‌ಗಳ ಗುಟ್ಟುಗಳು ಸೋರಿದಾಗ, ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶದ ಮುದಿ 0.9.8 ಆವೃತ್ತಿಯಲ್ಲೇ ಕೂತಿದ್ದವರಿಗೆ ಏನೂ ಆಗಲಿಲ್ಲ. ಆ ದೋಷ ಹೊಸ ಆವೃತ್ತಿಯಲ್ಲಿತ್ತು. 2024ರ ಮಾರ್ಚ್ 29ರಂದು ಇನ್ನೂ ದೊಡ್ಡ ಕತೆ ಹೊರಬಿತ್ತು. ಎಕ್ಸ್‌ಜ಼ೆಡ್ ಎಂಬ ಪುಟ್ಟ ಸಂಕುಚನ ತಂತ್ರಾಂಶ. ಬಿಡುವಿನಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದ ಒಬ್ಬನ ಬಳಿಗೆ ‘ಜಿಯಾ ಟಾನ್’ ಎಂಬ ಹೆಸರಿನವರು ಸಹಾಯಕ್ಕೆಂದು ಬಂದು, ಎರಡು ವರ್ಷಕ್ಕೂ ಹೆಚ್ಚು ಕಾಲ ನಿಷ್ಠೆಯಿಂದ ದುಡಿದು, ನಂಬಿಕೆ ಗಳಿಸಿ, ಕೊನೆಗೆ ಜಗತ್ತಿನ ಲಿನಕ್ಸ್ ಯಂತ್ರಗಳಿಗೆಲ್ಲ ಕಳ್ಳಬಾಗಿಲು ಇಡಲು ಹೊರಟಿದ್ದರು. ಸಿಕ್ಕಿಬಿದ್ದದ್ದು ಹೇಗೆ? ಆಂಡ್ರೆಸ್ ಫ್ರಾಯಿಂಡ್ ಎಂಬ ಡೇಟಾಬೇಸ್ ಎಂಜಿನಿಯರ್‌ಗೆ ಲಾಗಿನ್ ಆಗುವುದು ಅರ್ಧ ಸೆಕೆಂಡ್ ತಡವಾಯಿತು ಎನ್ನಿಸಿತು, ಅದಕ್ಕೆ. ನಮ್ಮ ಆಫೀಸಿನಲ್ಲಿ ಲಾಗಿನ್‌ಗೆ ಅರ್ಧ ನಿಮಿಷ ಹಿಡಿದರೆ ಕಾಫಿ ತರಲು ಎದ್ದುಹೋಗುತ್ತೇವೆ. ಇಲ್ಲಿ ಇಟ್ಟಿದ್ದರೆ ಆ ಬಾಗಿಲಿಗೆ ಇಷ್ಟು ಹೊತ್ತಿಗೆ ತೋರಣ ಕಟ್ಟುತ್ತಿದ್ದೆವು.

ಈ ಕತೆಯ ಸಂಚು, ತಾಳ್ಮೆ, ಜಾಣತನ ಇವೆಲ್ಲ ನಮ್ಮ ಮ್ಯಾನೇಜರರ ಕಿವಿಗೆ ಬೀಳಲಿಲ್ಲ. ಬಿದ್ದದ್ದು ಒಂದೇ: ಕಳ್ಳಬಾಗಿಲಿದ್ದದ್ದು ತೀರಾ ಹೊಸ ಆವೃತ್ತಿಗಳಲ್ಲಿ ಮಾತ್ರ, ಹಳತರಲ್ಲಿ ಇರಲಿಲ್ಲ. ‘ನೋಡಿದ್ರಾ? ಅಪ್ಡೇಟ್ ಮಾಡದಿದ್ದಕ್ಕೇ ಬಚಾವಾದ್ವಿ.’ ಅದೇ ವರ್ಷದ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ಅಪ್ಡೇಟ್ 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿತು; ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದು ಕೊಡುವಂತಾಯಿತು. ಆ ದಿನ ನಮ್ಮ ಕುಲಬಾಂಧವರು, ವಿಂಡೋಸ್ ತಂಡದವರ ಹತ್ತಿರ ಹೋಗಿ, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ, ‘ಏನಾದ್ರೂ ಸಹಾಯ ಬೇಕಾ?’ ಎಂದು ಕೇಳಿ ಬಂದರು. ಅಷ್ಟು ಸಂತೋಷ ನಮಗೆ ಇನ್‌ಕ್ರಿಮೆಂಟ್ ಬಂದಾಗಲೂ ಆಗುವುದಿಲ್ಲ. ಮಾರನೆಯ ವಾರ ಮ್ಯಾನೇಜರರು ಅದೇ ಘಟನೆಯನ್ನು ತೋರಿಸಿ ನಮ್ಮ ಪ್ಯಾಚ್‌ಗಳನ್ನೂ ಮೂರು ತಿಂಗಳು ಮುಂದೂಡಿದರು. ಅಲ್ಲಿಗೆ ಸಂತೋಷ ಸಮಾಪ್ತಿ.

ಮುಟ್ಟದಿದ್ದರೆ ಏನಾಗುತ್ತದೆ ಎಂಬುದಕ್ಕೆ ಈಕ್ವಿಫ್ಯಾಕ್ಸ್ ಇದೆ. ಅಮೆರಿಕನ್ನರ ಸಾಲದ ಜಾತಕ ಇಟ್ಟುಕೊಂಡಿರುವ ಈ ಕಂಪನಿ ಬಳಸುತ್ತಿದ್ದ ಅಪಾಚೆ ಸ್ಟ್ರಟ್ಸ್ ಎಂಬ ವೆಬ್ ತಂತ್ರಾಂಶಕ್ಕೆ 2017ರ ಮಾರ್ಚ್‌ನಲ್ಲೇ ಪ್ಯಾಚ್ ಬಂದಿತ್ತು. ಹಾಕಲಿಲ್ಲ. ಮೇ ತಿಂಗಳಲ್ಲಿ ಕಳ್ಳರು ನುಗ್ಗಿದರು; ಸುಮಾರು 14.7 ಕೋಟಿ ಜನರ ವಿವರ ಹೋಯಿತು. ಆಗಷ್ಟೇ ಕುರ್ಚಿ ಬಿಟ್ಟಿದ್ದ ಮುಖ್ಯಸ್ಥರು ಅಲ್ಲಿನ ಸಂಸದರ ಮುಂದೆ ನಿಂತು ವಿವರಿಸಿದ್ದೇನೆಂದರೆ, ಪ್ಯಾಚ್ ಹಾಕಿ ಎಂದು ತಂಡಕ್ಕೆ ತಿಳಿಸಬೇಕಾಗಿದ್ದ ಒಬ್ಬ ನೌಕರ ತಿಳಿಸಲಿಲ್ಲ, ಆಮೇಲೆ ಸ್ಕ್ಯಾನ್ ಮಾಡಿದರೂ ದೋಷ ಕಾಣಲಿಲ್ಲ. ಇಷ್ಟು ದೊಡ್ಡ ಕಂಪನಿಯ ಭಾರ ಹೊತ್ತಿದ್ದವನು ಒಬ್ಬನೇ ಒಬ್ಬ! ಅವನ ಸಂಬಳ ಎಷ್ಟಿತ್ತು ಎಂದು ಸಂಸದರು ಕೇಳಿದ್ದರೆ ನಮಗೂ ಅಪ್ರೈಸಲ್‌ನಲ್ಲಿ ಉಪಯೋಗಕ್ಕೆ ಬರುತ್ತಿತ್ತು.

ಮಡಿ ಮುರಿಯುವುದಕ್ಕೂ ವಿಧಿಯಿದೆ. ಚೇಂಜ್ ಅಡ್ವೈಸರಿ ಬೋರ್ಡ್ ಎಂಬ ಹಿರಿಯರ ಸಭೆ, ಸಣ್ಣದಾಗಿ ಕ್ಯಾಬ್. ಬೆಂಗಳೂರಿನಲ್ಲಿ ಎರಡೂ ಬಗೆಯ ಕ್ಯಾಬ್‌ಗಳು ಒಪ್ಪಿಕೊಂಡು, ಕಾಯಿಸಿ, ಕಡೇ ಗಳಿಗೆಯಲ್ಲಿ ಕ್ಯಾನ್ಸಲ್ ಮಾಡುತ್ತವೆ. ಅರ್ಜಿಯಲ್ಲಿ ಇಪ್ಪತ್ತು ಕಾಲಮ್ಮು. ಸಭೆಯಲ್ಲಿರುವವರಲ್ಲಿ ಲಿನಕ್ಸ್ ಬಲ್ಲವರು ಇರಬೇಕೆಂಬ ನಿಯಮವಿಲ್ಲ. ಅವರಿಗೆ ಗೊತ್ತಿರುವ ಪ್ರಶ್ನೆ ಒಂದೇ, ಅದನ್ನೇ ಎಲ್ಲರಿಗೂ ಕೇಳುತ್ತಾರೆ: ‘ರೋಲ್‌ಬ್ಯಾಕ್ ಪ್ಲಾನ್ ಏನು?’ ಅಂದರೆ, ಕೆಟ್ಟರೆ ಮೊದಲಿನಂತೆ ಮಾಡುವುದು ಹೇಗೆ? ‘ಬ್ಯಾಕಪ್ ಇದೆ’ ಎಂದರೆ ಸಾಕು, ಸಭೆ ತಣ್ಣಗಾಗುತ್ತದೆ. ಆ ಬ್ಯಾಕಪ್‌ನಿಂದ ಯಾವತ್ತಾದರೂ ಏನನ್ನಾದರೂ ವಾಪಸ್ ತೆಗೆದು ನೋಡಿದ್ದೀರಾ ಎಂದು ಕೇಳುವವರಿಲ್ಲ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ಮೀಸಲು ಸರ್ವರ್ ಎಂದುಕೊಂಡು ಅಸಲಿ ಸರ್ವರ್‌ನ ಡೇಟಾಬೇಸ್ ಅಳಿಸಿದರು. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5. ಬ್ಯಾಕಪ್‌ಗೆ ಐದು ವ್ಯವಸ್ಥೆಗಳಿದ್ದವು; ಐದನ್ನೂ ನೆಚ್ಚುವಂತಿರಲಿಲ್ಲ. ಒಂದಂತೂ ಬಹಳ ದಿನದಿಂದ ಸೋಲುತ್ತಲೇ ಇತ್ತು, ಸೋತೆನೆಂದು ಮೇಲ್ ಕೂಡ ಕಳಿಸುತ್ತಿತ್ತು, ಆ ಮೇಲ್‌ಗಳನ್ನು ಮೇಲ್ ಸರ್ವರ್ ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಯಾರೋ ಪರೀಕ್ಷೆಗೆಂದು ಆರು ಗಂಟೆ ಮುಂಚೆ ತೆಗೆದಿಟ್ಟ ನಕಲಿನಿಂದ ಕಂಪನಿ ಉಳಿಯಿತು. ಅವರದ್ದು ದೊಡ್ಡಗುಣ, ರಿಪೇರಿಯನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿದರು. ನಮ್ಮಲ್ಲಾದರೆ ಮೊದಲು ವಾಟ್ಸ್ಆಪ್ ಗುಂಪಿನ ಹಳೆಯ ಸಂದೇಶಗಳು ಅಳಿಯುತ್ತವೆ.

ನನ್ನ ಹೊಸ ಅರ್ಜಿಯೂ ಕ್ಯಾಬ್ ಮುಂದೆ ಹೋಗಿತ್ತು, ಈ ಸಲ ಕಾರಣ ಗಡಿಯಾರ. ಯುನಿಕ್ಸ್ ವಂಶದ ಯಂತ್ರಗಳು ಕಾಲವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. ಆ ಎಣಿಕೆಯನ್ನು 32 ಬಿಟ್‌ನಲ್ಲಿ ಇಟ್ಟುಕೊಂಡ ಹಳೆಯ ಪ್ರೋಗ್ರಾಮುಗಳಿಗೆಲ್ಲ 2038ರ ಜನವರಿ 19, ಮಂಗಳವಾರ, ನಮ್ಮ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಜಾಗ ಮುಗಿಯುತ್ತದೆ. ಮರುಕ್ಷಣ ಗಡಿಯಾರ 1901ರ ಡಿಸೆಂಬರಿಗೆ ಹೋಗಿ ಬೀಳುತ್ತದೆ. ಮಡಿ ಸರ್ವರ್ ಮೇಲೆ ಓಡುವ ಸಾಲದ ಲೆಕ್ಕದ ಪ್ರೋಗ್ರಾಮು ಇಂಥದ್ದೇ. ಅಷ್ಟು ದೂರದ ಚಿಂತೆ ಈಗ ಯಾಕೆ ಎಂದರು ಸಭೆಯವರು. ಇಪ್ಪತ್ತು ವರ್ಷದ ಗೃಹಸಾಲದ ಕೊನೆಯ ಕಂತು 2018ರಲ್ಲೇ ಆ ಗೆರೆ ದಾಟಿಯಾಗಿದೆ ಎಂದೆ. ನಕ್ಕರು.

ಹಾಗಾಗಿ ಅರ್ಜಿಯನ್ನು ಅವರಿಗೆ ಒಪ್ಪುವಂತೆ ತಿದ್ದಿ ಬರೆದಿದ್ದೇನೆ. ಶಿವನಸಮುದ್ರದಿಂದ ಬೆಂಗಳೂರಿಗೆ ಕರೆಂಟ್ ಬಂದದ್ದು 1905ರಲ್ಲಿ. ಸರ್ವರ್ 1901ಕ್ಕೆ ಹೋದ ಮೇಲೆ ಊರಿಗೆ ದೀಪ ಹತ್ತುವವರೆಗೆ ಹೇಗೂ ಮೂರು ವರ್ಷಕ್ಕೂ ಮಿಕ್ಕಿ ಡೌನ್‌ಟೈಮ್. ಯಾವ ಗಿರಾಕಿಗೂ ತೊಂದರೆಯಿಲ್ಲ, ಫೋನ್ ಮಾಡುವವರೂ ಇಲ್ಲ. ಬಾಕಿಯಿರುವ ಪ್ಯಾಚ್‌ಗಳನ್ನೆಲ್ಲ ಆ ಅವಧಿಯಲ್ಲಿ ನಿಧಾನವಾಗಿ ಹಾಕಲು ಅನುಮತಿ ಕೋರಿದ್ದೇನೆ. ತಾತ್ವಿಕವಾಗಿ ಒಪ್ಪಿದ್ದಾರೆ. ರೋಲ್‌ಬ್ಯಾಕ್ ಪ್ಲಾನ್ ಏನೆಂದು ಕೇಳಿ ಅರ್ಜಿ ವಾಪಸ್ ಬಂದಿದೆ.